‘ಕ್ಯಾಂಪ್’ ಎಂದರೆ ಊರು

ಇಂಗ್ಲಿಷಿನಿಂದ ಬಂದ ಪದಕ್ಕೆ ಅರ್ಥವೂ ಇಂಗ್ಲಿಷಿನದೇ ಇರಬೇಕೆಂದು ನಮ್ಮ ಅನುವಾದಕರು ನಂಬಿರುವಂತೆ ತೋರುತ್ತದೆ. ‘ಕ್ಯಾಂಪ್’ ಎಂಬುದನ್ನು ಕಂಡೊಡನೆ ‘ಶಿಬಿರ’ ಎಂದು ಬರೆದು ಮುಂದೆ ಸಾಗುತ್ತಾರೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಜನರಾಡುವ ಮಾತನ್ನು ಕೇಳಿದವರಿಗೆ ಇದು ಅಷ್ಟು ಸುಲಭವಾಗಿ ತೀರುವ ಸಂಗತಿಯಲ್ಲ.

ಈ ಸೀಮೆಯಲ್ಲಿ ಆ ಪದಕ್ಕಿರುವ ಅರ್ಥಗಳನ್ನು ಎಣಿಸಿ ನೋಡೋಣ. ಅಧಿಕಾರಿ ಪ್ರವಾಸ ಹೊರಟರೆ ‘ಸಾಹೇಬ್ರು ಕ್ಯಾಂಪ್ ಹೋಗ್ಯಾರ’ ಎನ್ನುತ್ತಾರೆ. ಅಲ್ಲಿಂದ ಅವರು ಬರೆದ ಕಾಗದದ ನೆತ್ತಿಯಲ್ಲಿ ‘ಕ್ಯಾಂಪ್: ಲಿಂಗಸುಗೂರು’ ಎಂದಿರುತ್ತದೆ. ನಾಟಕ ಕಂಪನಿ ಜಾತ್ರೆಯಲ್ಲಿ ಥೇಟರು ಹಾಕಿದರೆ ಅದೂ ಕ್ಯಾಂಪೇ. ಕಣ್ಣಿನ ಪೊರೆ ತೆಗೆಯಲು ಬಂದ ವೈದ್ಯರದೂ ಕ್ಯಾಂಪೇ. ಇವೆಲ್ಲವುಗಳ ಲಕ್ಷಣ ಒಂದೇ: ಗೂಟ ಕಿತ್ತ ದಿನ ಮುಗಿಯುತ್ತವೆ. ಲಿಂಗಸುಗೂರಿನ ದಂಡಿನ ಛಾವಣಿಯೂ ಹಾಗೆಯೇ ಎದ್ದುಹೋಯಿತು.

‘ಶಿಬಿರ’ಕ್ಕೂ ಇಲ್ಲಿ ತನ್ನದೇ ಗೌರವವುಂಟು. 1947–48ರಲ್ಲಿ ನಿಜಾಮರ ಆಳ್ವಿಕೆಯ ವಿರುದ್ಧ ಹೋರಾಡಿದವರು ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು. ಅವರ ಕಣ್ಣು ಬಿಟ್ಟುಬಂದ ಊರಿನ ಕಡೆಗೇ ಇತ್ತು. ಮರಳಿ ಹೋಗುವ ಆಸೆಯೇ ಶಿಬಿರದ ಪ್ರಾಣ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಬಂದ ಮೇಲೆ ಕ್ಯಾಂಪಿನ ಅರ್ಥವೇ ಬೇರೆಯಾಯಿತು. ಆಂಧ್ರದ ರೈತರು ಬಂದು ಹೊಲದ ನಡುವೆಯೇ ಮನೆ ಹಾಕಿ ಭತ್ತ ಬೆಳೆದರು. ಆ ವಸತಿಗಳು ಕ್ಯಾಂಪುಗಳೆನಿಸಿದವು. ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರ ಈ ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು. ಪುನರ್ವಸತಿಯ ಇಂಗ್ಲಿಷ್ ಹೆಸರಿನ ಎರಡು ಅಕ್ಷರಕ್ಕೆ ಒಂದು ಅಂಕಿ ಸೇರಿ ಆರ್.ಎಚ್. ಕ್ಯಾಂಪ್ 1, 2, 3, 4 ಎಂಬುವೇ ಊರಹೆಸರುಗಳಾದವು. ಇಲ್ಲಿ ಡೇರೆಯಿಲ್ಲ, ಗೂಟವಿಲ್ಲ. ಶಾಲೆಯುಂಟು, ಗುಡಿಯುಂಟು, ಮೊಮ್ಮಕ್ಕಳುಂಟು. ಮರಳಿ ಹೋಗುವ ಊರು ಮಾತ್ರ ಇಲ್ಲ.

ತರಗತಿಯಲ್ಲಿ ಒಮ್ಮೆ, ‘ಅವನು ಹುಟ್ಟಿದ್ದು ಕ್ಯಾಂಪಿನಲ್ಲಿ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅನುವಾದಕ್ಕೆ ಕೊಟ್ಟಿದ್ದೆ. ಹಲವರು ‘ಶಿಬಿರ’ವೆಂದರು. ಕಾಲುವೆ ಕಡೆಯ ಹುಡುಗಿಯೊಬ್ಬಳು ‘ಕ್ಯಾಂಪ್’ ಎಂದೇ ಉಳಿಸಿಕೊಂಡಳು. ಏಕೆಂದು ಕೇಳಿದರೆ, ‘ಶಿಬಿರದಾಗ ಯಾರರ ಹುಟ್ಟಿ ಬೆಳೀತಾರೇನ್ರೀ, ಸರ್?’ ಎಂದಳು. ನಮ್ಮ ನಿಘಂಟುಗಳಿಗಿಂತ ಅವಳ ಕಿವಿ ಸೂಕ್ಷ್ಮವಾದುದು.

ಹೀಗೆ ಅರ್ಥ ಬೆಳೆಯುವುದು ಕನ್ನಡಕ್ಕೆ ಹೊಸದಲ್ಲ. ‘ಬಿಡು’ ಧಾತುವಿನಿಂದ ಬಂದ ‘ಬೀಡು’ ದಂಡು ಇಳಿದುಕೊಳ್ಳುವ ತಾಣ. ಅದೇ ಶಾಸನಗಳಲ್ಲಿ ‘ನೆಲೆವೀಡು’ ಆಗಿ ರಾಜಧಾನಿಯನ್ನು ಸೂಚಿಸಿತು, ತುಳುನಾಡಿನಲ್ಲಿ ಅರಸುಮನೆಯಾಯಿತು. ಅರಸನ ಬೀಡಿಗೆ ‘ನೆಲೆ’ಯನ್ನು ಸೇರಿಸಲು ಹಿಂಜರಿಯದ ನಾವು, ರೈತನ, ನಿರಾಶ್ರಿತನ ಕ್ಯಾಂಪನ್ನು ತಲೆಮಾರುಗಳು ಕಳೆದರೂ ಊರೆನ್ನಲು ತಡವರಿಸುತ್ತೇವೆ. ‘ಊರವರು’ ಬೇರೆ, ‘ಕ್ಯಾಂಪಿನವರು’ ಬೇರೆ ಎಂಬ ರೂಢಿಯಲ್ಲಿ, ಬಂದವರು ಎಂದಿಗೂ ಬಂದವರಾಗಿಯೇ ಇರಲಿ ಎಂಬ ಹಟ ಅಡಗಿದೆ. ಬರೆಯುವವನು ‘ಶಿಬಿರ’ವೆಂದಾಗ ಅರಿಯದೆಯೇ ಆ ಹಟಕ್ಕೆ ಅಚ್ಚಿನ ಮುದ್ರೆಯೊತ್ತುತ್ತಾನೆ.

ಹಾಗಾದರೆ ಹೆಸರನ್ನೇ ಬದಲಿಸಬೇಕೆ? ಹೆಸರು ಅಲ್ಲಿ ಬಾಳುವವರ ಸೊತ್ತು; ಇಡುವುದೂ ಬಿಡುವುದೂ ಅವರಿಗೆ ಸೇರಿದ್ದು. ಕೋಶಕಾರರಿಂದಲೂ ಅನುವಾದಕರಿಂದಲೂ ನಾವು ಬೇಡುವುದು ಇಷ್ಟೆ: ‘ಶಿಬಿರ, ಪಾಳೆಯ, ಮೊಕ್ಕಾಂ’ ಎಂಬ ಅರ್ಥಗಳ ಸಾಲಿನಲ್ಲಿ ‘ಊರು’ ಎಂಬುದಕ್ಕೂ ಒಂದಿಷ್ಟು ಜಾಗ ಕೊಡಲಿ. ಜನ ಅಲ್ಲಿ ಬಾಳಿ ಆ ಅರ್ಥವನ್ನು ಈಗಾಗಲೇ ಬರೆದಿದ್ದಾರೆ.