ಪಾತರಗಿತ್ತಿಯ ವೇಷ: ಕೀಟಾನುಕೃತಿಯ ಸಂಶೋಧನೆ ಮತ್ತು ಜಾನಪದ ಅಧ್ಯಯನದ ಹೊಣೆ

ಕನ್ನಡ ಜಾನಪದ ಸಂಗ್ರಹಕಾರ್ಯದ ಚರಿತ್ರೆಯಲ್ಲಿ ಭೀಮಾ ಸೀಮೆಯ ಹಲಸಂಗಿಗೆ ವಿಶಿಷ್ಟವಾದ ಸ್ಥಾನವಿದೆ. ಅಂದಿನ ಇಂಡಿ ತಾಲ್ಲೂಕಿಗೆ ಸೇರಿದ್ದ ಈ ಹಳ್ಳಿಯನ್ನು ನೆಲೆಯಾಗಿಸಿಕೊಂಡು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಅಲ್ಲಿಂದ ಈಚೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಂತಿ ಪದ, ಲಾವಣಿ, ಡೊಳ್ಳಿನ ಪದ, ಗಾದೆ, ಒಗಟು, ಆಚರಣೆಗಳು ಅನೇಕ ಸಂಶೋಧಕರ ಗಮನ ಸೆಳೆದಿವೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುವಾಗ ಬಳಸುವ ಅಡುಗೆ, ಕೂಗುವ ಕೂಗು, ನಡೆಯುವ ಕ್ರಮ ಎಲ್ಲವೂ ನಮ್ಮ ಪ್ರಬಂಧಗಳಲ್ಲಿ ದಾಖಲಾಗಿವೆ. ಆದರೆ ಆ ಚರಗ ಬೀಳುವ ಬದುವಿನ ಮೇಲೆ ಬದುಕಿರುವ ಜೀವಿಗಳ ಬಗ್ಗೆ ನಮ್ಮ ಶಿಸ್ತು ತೋರಿದ ಕುತೂಹಲ ಅತ್ಯಲ್ಪ. ಈ ಕೊರತೆಯನ್ನು ಕೀಟಗಳ ಅನುಕೃತಿ ಎಂಬ ಒಂದು ವಿಷಯದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಮೊದಲಿಗೆ ಒಂದು ಪದದಿಂದಲೇ ಆರಂಭಿಸಬಹುದು. ಉತ್ತರ ಕರ್ನಾಟಕದಲ್ಲಿ ಚಿಟ್ಟೆಗೆ ‘ಪಾತರಗಿತ್ತಿ’ ಎನ್ನುತ್ತಾರೆ. ಬೇಂದ್ರೆಯವರ ಕವಿತೆಯ ಮೂಲಕ ಈ ಮಾತು ನಾಡಿಗೆಲ್ಲ ಪರಿಚಿತವಾಗಿದೆ. ‘ಪಾತರ’ ಎಂದರೆ ಪಾತ್ರ. ಪಾತರದವಳು ಎಂದರೆ ಕುಣಿಯುವವಳು, ವೇಷ ತೊಡುವವಳು. ಕೆಲವು ಚಿಟ್ಟೆಗಳಲ್ಲಿ ಹೆಣ್ಣು ಮಾತ್ರ ಬೇರೊಂದು ಜಾತಿಯ ವೇಷ ಧರಿಸುತ್ತದೆ ಎಂಬುದನ್ನು ಆಧುನಿಕ ಜೀವವಿಜ್ಞಾನ ಸಿದ್ಧಪಡಿಸಿದೆ. ಇವೆರಡನ್ನೂ ಜೋಡಿಸಿ, ‘ನಮ್ಮ ಜನಪದರು ಇದನ್ನು ಮೊದಲೇ ಅರಿತಿದ್ದರು’ ಎಂದು ಘೋಷಿಸುವುದು ಬಹು ಸುಲಭ. ‘ಜನಪದ ವಿಜ್ಞಾನ’ ಎಂಬ ಹೆಸರಿನಲ್ಲಿ ಬರುವ ಲೇಖನಗಳಲ್ಲಿ ಈ ಬಗೆಯ ತೀರ್ಮಾನಗಳು ಅಪರೂಪವಲ್ಲ.

ಆದರೆ ಕನ್ನಡದಲ್ಲಿ ರೆಕ್ಕೆಹುಳುವಿಗೆ ‘ಪಾತೆ’, ‘ಹಾತೆ’ ಎಂಬ ರೂಪಗಳೂ ಇವೆ. ಪಾತರಗಿತ್ತಿ ಎಂಬ ಪದ ಈ ಪಾತೆಗೆ ಸಂಬಂಧಿಸಿದ್ದಾಗಿದ್ದು, ಕಾಲಾಂತರದಲ್ಲಿ ಪಾತ್ರದ ಅರ್ಥವನ್ನು ಮೈಮೇಲೆ ಹಾಕಿಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದಲ್ಲಿ ಇಲ್ಲಿ ವೇಷ ಹಾಕಿರುವುದು ಪದ, ಮೋಸಹೋಗುವವನು ಸಂಶೋಧಕ. ಹೋಲಿಕೆ ಕಂಡಲ್ಲೆಲ್ಲ ಸಂಬಂಧವಿದೆ ಎಂದು ನಂಬುವ ಈ ಅಭ್ಯಾಸವನ್ನು ಬಿಡದೆ ನಾವು ಜೀವವಿಜ್ಞಾನದೊಡನೆ ಮಾತನಾಡಲಾರೆವು.

2

ಅನುಕೃತಿಯ ಸಿದ್ಧಾಂತವನ್ನು ಮೊದಲು ವ್ಯವಸ್ಥಿತವಾಗಿ ಮಂಡಿಸಿದವನು ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಣಿವೆಯಲ್ಲಿ 11 ವರ್ಷ ಕಳೆದು 1859ರಲ್ಲಿ ಮರಳಿದ ಆತ 1862ರಲ್ಲಿ ತನ್ನ ವಿವರಣೆಯನ್ನು ಪ್ರಕಟಿಸಿದನು. ಹಕ್ಕಿಗೆ ರುಚಿಸದ, ವಿಷಯುಕ್ತವಾದ ಚಿಟ್ಟೆಯೊಂದಿರುತ್ತದೆ; ಅದನ್ನು ‘ಮಾದರಿ’ ಎನ್ನೋಣ. ನಿರ್ವಿಷವಾದ ಇನ್ನೊಂದು ಚಿಟ್ಟೆ ತಲೆಮಾರುಗಳ ಆಯ್ಕೆಯಿಂದ ಅದನ್ನೇ ಹೋಲುವಂತಾಗುತ್ತದೆ, ಅದು ‘ಅನುಕಾರಿ’. ಮಾದರಿಯನ್ನು ಒಮ್ಮೆ ಕಚ್ಚಿ ಕಹಿಯುಂಡ ಹಕ್ಕಿ ಎರಡನ್ನೂ ಬಿಟ್ಟುಬಿಡುತ್ತದೆ. ಮುಂದೆ 1878ರಲ್ಲಿ ಫ್ರಿಟ್ಸ್ ಮ್ಯೂಲರ್, ವಿಷಯುಕ್ತವಾದ ಎರಡು ಜಾತಿಗಳೇ ಒಂದನ್ನೊಂದು ಹೋಲುವುದರಿಂದ ಎರಡಕ್ಕೂ ಲಾಭವಾಗುತ್ತದೆಂದು ತೋರಿಸಿದನು.

ಇದಕ್ಕೆ ಉದಾಹರಣೆ ಹುಡುಕಲು ಅಮೆಜಾನಿಗೆ ಹೋಗಬೇಕಾಗಿಲ್ಲ. ನಮ್ಮ ಬಯಲುಸೀಮೆಯ ಬದುಗಳಲ್ಲಿ ಬೆಳೆಯುವ ಎಕ್ಕೆಯ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆ ಪ್ಲೇನ್ ಟೈಗರ್. ಕಿತ್ತಳೆ ಬಣ್ಣದ ರೆಕ್ಕೆ, ತುದಿಯಲ್ಲಿ ಕಪ್ಪು, ಅದರ ನಡುವೆ ಬಿಳಿಯ ಪಟ್ಟಿ ಇದರ ಗುರುತು. ಎಕ್ಕೆಯ ಹಾಲಿನ ವಿಷ ಈ ಚಿಟ್ಟೆಗೆ ರಕ್ಷಣೆ ನೀಡುತ್ತದೆ. ಇದನ್ನು ಹೋಲುವುದು ಡನಾಯ್ಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಗಂಡಿನದು ಬೇರೆಯೇ ರೂಪ: ಕಪ್ಪು ರೆಕ್ಕೆ, ಅದರ ಮೇಲೆ ದೊಡ್ಡ ಬಿಳಿಯ ಚುಕ್ಕೆಗಳು. ಇದರ ಮರಿಹುಳು ತಿನ್ನುವುದು ನಮ್ಮ ಮನೆಗಳಲ್ಲಿ ಪಲ್ಯಕ್ಕೆ ಬಳಸುವ ಗೋಣಿಸೊಪ್ಪನ್ನು. ಹೀಗೆ ಹೊಲದ ಅಂಚಿನ ಎರಡು ಸಾಮಾನ್ಯ ಗಿಡಗಳು, ಒಂದು ವಿಷದ್ದು, ಇನ್ನೊಂದು ಊಟದ್ದು, ಒಂದೇ ವೇಷದ ಎರಡು ಚಿಟ್ಟೆಗಳನ್ನು ಸಾಕುತ್ತಿವೆ.

ಎರಡನೆಯ ಉದಾಹರಣೆ ಲಿಂಬೆಯ ತೋಟದ್ದು. ಇಂಡಿ ಮತ್ತು ಸಿಂದಗಿ ಸೀಮೆ ಲಿಂಬೆಗೆ ಹೆಸರಾದುದು. ಲಿಂಬೆಯ ಚಿಗುರನ್ನು ತಿನ್ನುವ ಹುಳುಗಳಲ್ಲಿ ಕಾಮನ್ ಮಾರ್ಮನ್ ಚಿಟ್ಟೆಯ ಮರಿಯೂ ಒಂದು. ಎಳೆಯ ಪ್ರಾಯದಲ್ಲಿ ಅದು ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಬಲಿತಾಗ ಎಲೆಯ ಹಸಿರಿಗೆ ತಿರುಗುತ್ತದೆ. ಚಿಟ್ಟೆಯಾದ ಮೇಲೆ ಇದರ ಹೆಣ್ಣುಗಳಲ್ಲಿ ಮೂರು ರೂಪಗಳಿವೆ. ಒಂದು ಗಂಡಿನಂತೆಯೇ ಇರುತ್ತದೆ; ಇನ್ನೊಂದು ಕಾಮನ್ ರೋಸ್ ಚಿಟ್ಟೆಯನ್ನೂ ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನೂ ಹೋಲುತ್ತವೆ. ಈ ರೋಸ್ ಚಿಟ್ಟೆಗಳು ಈಶ್ವರಬಳ್ಳಿಯ ಕುಲದ ಸಸ್ಯಗಳನ್ನು ತಿಂದು ವಿಷ ಕೂಡಿಸಿಕೊಂಡವು. ಆ ಕುಲದ್ದೇ ಆದ, ನೆಲಕ್ಕೆ ಹರಡುವ ಒಂದು ಕಳೆಗಿಡ ಎರೆಭೂಮಿಯಲ್ಲಿ ಬೆಳೆಯುತ್ತದೆ. ರೋಸ್ ಚಿಟ್ಟೆಯ ಮೈ ಕೆಂಪು, ಮಾರ್ಮನ್ ಚಿಟ್ಟೆಯ ಮೈ ಕಪ್ಪು. ರೆಕ್ಕೆಯ ವೇಷ ಎಷ್ಟೇ ಪಕ್ವವಾಗಿದ್ದರೂ ಮೈಬಣ್ಣ ಗುಟ್ಟನ್ನು ಬಿಟ್ಟುಕೊಡುತ್ತದೆ.

ಈ ಹೆಣ್ಣುರೂಪಗಳನ್ನು ವಾಲೆಸ್ 1865ರಷ್ಟು ಹಿಂದೆಯೇ ಚರ್ಚಿಸಿದ್ದನು. ಒಂದೇ ತಾಯಿಯ ಮರಿಗಳಲ್ಲಿ ಇಷ್ಟು ಭಿನ್ನವಾದ ರೂಪಗಳು ಬೆರೆಯದೆ ಉಳಿಯುವುದು ಹೇಗೆ ಎಂಬುದು ದೀರ್ಘಕಾಲದ ಪ್ರಶ್ನೆಯಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ, ಶಿಕಾಗೋದ ಮಾರ್ಕಸ್ ಕ್ರಾನ್‌ಫಾರ್ಸ್ಟ್ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೆ ಉತ್ತರ ನೀಡಿತು. ಕೀಟಗಳಲ್ಲಿ ಗಂಡು ಹೆಣ್ಣಿನ ಭೇದವನ್ನು ರೂಪಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ಈ ರೆಕ್ಕೆಯ ವಿನ್ಯಾಸವನ್ನೂ ನಿಯಂತ್ರಿಸುತ್ತದೆಂದು ಅವರು ತೋರಿಸಿದರು. ಇಂಡಿಯ ರೈತ ಪೀಡೆ ಎಂದು ಕರೆಯುವ ಹುಳುವೇ ವಿಕಾಸವಾದದ ಮಹತ್ವದ ಪ್ರಶ್ನೆಯೊಂದಕ್ಕೆ ಸಾಕ್ಷಿಯಾಗಿದೆ.

3

ಈ ಸಂಶೋಧನಾ ಪರಂಪರೆಯಿಂದ ಜಾನಪದ ವಿದ್ವಾಂಸರು ಕಲಿಯಬೇಕಾದುದು ಅದರ ಫಲಿತಗಳಿಗಿಂತ ಅದರ ಶಿಸ್ತನ್ನು. ಅಮೆರಿಕದ ವೈಸ್‌ರಾಯ್ ಚಿಟ್ಟೆ ವಿಷಯುಕ್ತವಾದ ಮೊನಾರ್ಕ್ ಚಿಟ್ಟೆಯ ನಿರ್ವಿಷ ಅನುಕಾರಿ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳುತ್ತಿದ್ದವು. 1958ರಲ್ಲಿ ಜೇನ್ ಬ್ರೋವರ್ ಇದನ್ನು ಹಕ್ಕಿಗಳ ಮುಂದಿಟ್ಟು ಪರೀಕ್ಷಿಸಿದರು. 1991ರಲ್ಲಿ ರಿಟ್‌ಲ್ಯಾಂಡ್ ಮತ್ತು ಲಿಂಕನ್ ಬ್ರೋವರ್ ರೆಕ್ಕೆಗಳನ್ನು ತೆಗೆದು ಮೈಯನ್ನಷ್ಟೇ ಹಕ್ಕಿಗಳಿಗೆ ಕೊಟ್ಟಾಗ ವೈಸ್‌ರಾಯ್ ಕೂಡ ಅವಕ್ಕೆ ರುಚಿಸದೆಂಬುದು ತಿಳಿದುಬಂತು. ಒಪ್ಪಿತವಾದ ಉದಾಹರಣೆಯನ್ನೇ ತಿದ್ದಿಕೊಳ್ಳಲಾಯಿತು. ನಮ್ಮಲ್ಲಿ ಒಂದು ಆಚರಣೆಗೆ ಒಮ್ಮೆ ‘ಪರಿಸರ ಪ್ರಜ್ಞೆ’ ಎಂಬ ಹಣೆಪಟ್ಟಿ ಬಿದ್ದರೆ ಅದನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ.

ಎಕ್ಕೆಯನ್ನೇ ನೋಡಬಹುದು. ಶನಿವಾರ ಹನುಮಪ್ಪನಿಗೆ ಎಕ್ಕೆಯ ಮಾಲೆ, ರಥಸಪ್ತಮಿಯಂದು ಎಕ್ಕೆಯ ಎಲೆಯ ಸ್ನಾನ, ಮೂರನೆಯ ಮದುವೆಯಾಗುವವನಿಗೆ ಮೊದಲು ಎಕ್ಕೆಯ ಗಿಡದೊಡನೆ ಮದುವೆ, ಇವೆಲ್ಲ ನಮ್ಮ ಸಾಹಿತ್ಯದಲ್ಲಿ ವಿವರವಾಗಿವೆ. ಎಕ್ಕೆಯ ಎಲೆಯನ್ನು ತಿರುಗಿಸಿ ಹುಳುವನ್ನು ನೋಡಿದವರು ವಿರಳ. ಈ ಮಾತು ಪ್ರಸ್ತುತ ಲೇಖಕನಿಗೂ ಅನ್ವಯಿಸುತ್ತದೆ. ಈ ನಾಲ್ಕು ತಾಲ್ಲೂಕುಗಳ ಕ್ಷೇತ್ರಕಾರ್ಯಕ್ಕೆ ನಾನು ಸಿದ್ಧಪಡಿಸಿಕೊಂಡಿದ್ದ ಪ್ರಶ್ನಾವಳಿಯಲ್ಲಿ ಗಿಡಗಳಿಗೆ ಹೆಸರು, ಔಷಧ, ಆಚರಣೆ ಎಂಬ ಮೂರು ಅಂಕಣಗಳಿದ್ದವು. ಗಿಡದ ಮೇಲೆ ಏನು ಬದುಕುತ್ತದೆ ಎಂಬ ಪ್ರಶ್ನೆಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಸಿಗದುದನ್ನು ‘ಜನಪದರಲ್ಲಿ ಇಲ್ಲ’ ಎಂದು ಬರೆದೆ.

4

ಪರಿಭಾಷೆಯ ವಿಚಾರವೂ ಇಲ್ಲಿ ಮುಖ್ಯ. ಕನ್ನಡದ ವಿಜ್ಞಾನ ಬರಹಗಳಲ್ಲಿ ಈ ವಿದ್ಯಮಾನವನ್ನು ಸಾಮಾನ್ಯವಾಗಿ ‘ಅನುಕರಣೆ’ ಎನ್ನಲಾಗುತ್ತದೆ. ಈ ಪದದಲ್ಲಿ ಕರ್ತೃವಿನ ಇಚ್ಛೆ ಅಡಗಿದೆ. ಚಿಟ್ಟೆ ಯಾರನ್ನೋ ನೋಡಿ ಕಲಿತಿತು ಎಂಬ ಭಾವನೆ ಹುಟ್ಟುತ್ತದೆ. ‘ವೇಷ’ ಎಂಬ ಮಾತು ಜನಬಳಕೆಗೆ ಹತ್ತಿರವಾದರೂ ಅದನ್ನೂ ಎಚ್ಚರದಿಂದ ಬಳಸಬೇಕು. ಉತ್ತರ ಕರ್ನಾಟಕದ ಊರುಗಳಿಗೆ ಬರುವ ಹಗಲುವೇಷದ ಕಲಾವಿದರು ದಿನಕ್ಕೊಂದು ಪಾತ್ರ ಧರಿಸಿ ಮನೆಮನೆಯ ಮುಂದೆ ನಿಲ್ಲುತ್ತಾರೆ. ಅದು ವೇಷ ಎಂದು ನೋಡುವವರಿಗೆ ಗೊತ್ತು. ಗೊತ್ತಿರುವುದರಿಂದಲೇ ಕಾಳು ನೀಡುತ್ತಾರೆ. ಚಿಟ್ಟೆಯ ವೇಷ ಫಲಿಸುವುದು ನೋಡುವ ಹಕ್ಕಿಗೆ ಗೊತ್ತಿಲ್ಲದಾಗ ಮಾತ್ರ. ಆದರೂ ಎರಡರಲ್ಲಿಯೂ ಪ್ರೇಕ್ಷಕನ ನೆನಪು ಅತ್ಯಗತ್ಯ. ರಾಮನ ಕಥೆ ತಿಳಿಯದವನಿಗೆ ರಾಮನ ವೇಷ ಅರ್ಥವಾಗದು. ವಿಷದ ರುಚಿ ನೋಡದ ಹಕ್ಕಿಯ ಮುಂದೆ ಅನುಕಾರಿಯ ಬಣ್ಣ ನಡೆಯದು. ಹುಟ್ಟು, ಇಚ್ಛೆ, ಉದ್ದೇಶಗಳಲ್ಲಿ ಇವು ಬೇರೆಯೆಂದು ಒಪ್ಪಿಕೊಂಡ ಮೇಲೆಯೇ ಈ ಹೋಲಿಕೆಗೆ ಬೆಲೆ.

5

ಸಂರಕ್ಷಣೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮಾದರಿ ಹೆಚ್ಚಾಗಿದ್ದು ಅನುಕಾರಿ ವಿರಳವಾಗಿದ್ದಾಗ ಹಕ್ಕಿಯ ಪಾಠ ಗಟ್ಟಿಯಾಗಿರುತ್ತದೆ. ಮಾದರಿ ಕುಗ್ಗಿ ಅನುಕಾರಿ ಹೆಚ್ಚಾದರೆ ಹಕ್ಕಿಗೆ ಆ ಬಣ್ಣದಲ್ಲಿ ಸಿಹಿಯೇ ಹೆಚ್ಚು ಸಿಕ್ಕು ವೇಷದ ರಕ್ಷಣೆ ಸಡಿಲವಾಗುತ್ತದೆ. ಆದ್ದರಿಂದ ಅನುಕಾರಿಯನ್ನು ಉಳಿಸಲು ಮಾದರಿಯನ್ನೂ, ಮಾದರಿಯನ್ನು ಉಳಿಸಲು ಅದು ತಿನ್ನುವ ಗಿಡವನ್ನೂ ಉಳಿಸಬೇಕು. ಆ ಗಿಡ ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಕಳೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, 2022ರ ತಿದ್ದುಪಡಿಗೆ ಮುನ್ನ, ಡನಾಯ್ಡ್ ಎಗ್‌ಫ್ಲೈ ಮತ್ತು ಕ್ರಿಮ್ಸನ್ ರೋಸ್ ಎರಡೂ ಇದ್ದವು. ಹುಲಿಗೆ ದೊರೆತ ಅನುಸೂಚಿಯೇ ಈ ಚಿಟ್ಟೆಗಳಿಗೂ ದೊರೆತಿತ್ತು. ಬದುವಿನ ಬಳ್ಳಿಗೆ ದೊರೆತಿರಲಿಲ್ಲ. ಪಟ್ಟಿ ಹೆಸರನ್ನು ಹಿಡಿಯಬಲ್ಲುದು, ಸಂಬಂಧವನ್ನು ಹಿಡಿಯಲಾರದು. ಕಾಲುವೆಯ ನೀರು ಬಂದು ಜೋಳದ ಹೊಲ ಕಬ್ಬಿಗೆ ತಿರುಗಿದಲ್ಲಿ, ಬದು ಸವೆದು ಕಳೆನಾಶಕ ಬಿದ್ದಲ್ಲಿ, ಕಡಿದುಹೋಗುವುದು ಈ ಸಂಬಂಧವೇ. ಹಾಗೆಂದು ರೈತನನ್ನು ದೂರುವುದು ಸಲ್ಲದು. ಎಳೆಯ ಲಿಂಬೆಸಸಿಯ ಎಲೆಯೆಲ್ಲ ಹುಳುವಿನ ಪಾಲಾದಾಗ ಆತ ಅನುಭವಿಸುವ ನಷ್ಟ ನಿಜವಾದುದು. ಪೀಡೆ ಮತ್ತು ಸಂಪತ್ತು ಒಂದೇ ಜೀವಿಯಲ್ಲಿ ಕೂಡಿರುವ ಈ ತೊಡಕನ್ನು ಮುಚ್ಚಿಟ್ಟು ಬರೆಯುವ ಸಂರಕ್ಷಣಾ ಸಾಹಿತ್ಯ ಹಳ್ಳಿಯಲ್ಲಿ ನಂಬಿಕೆ ಗಳಿಸಲಾರದು.

ಜಾನಪದ ಅಧ್ಯಯನಕ್ಕೆ ಇಲ್ಲಿ ಮಾಡಬಹುದಾದ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ರಚನೆಯಾಗಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕಾಗುತ್ತದೆ. ಆಡುಮಾತನ್ನು ಉಚ್ಚಾರಣೆ ಸಹಿತ ಬರೆದುಕೊಳ್ಳುವ, ಒಂದೇ ವಸ್ತುವಿಗೆ ಊರೂರಿನ ಹೆಸರನ್ನು ಹೋಲಿಸುವ ತರಬೇತಿ ಇರುವುದು ನಮಗೆ. ಮುದ್ದೇಬಿಹಾಳದ ಮುದುಕಿಯೊಬ್ಬಳು ಪ್ಲೇನ್ ಟೈಗರ್ ಮತ್ತು ಎಗ್‌ಫ್ಲೈ ಹೆಣ್ಣನ್ನು ಒಂದೇ ಹೆಸರಿನಿಂದ ಕರೆದರೆ ಅದನ್ನು ಅಜ್ಞಾನವೆನ್ನದೆ, ಎರಡು ಹೆಸರಿನಿಂದ ಕರೆದರೆ ವಿಜ್ಞಾನವೆಂದು ಮೆರೆಸದೆ, ಆಕೆ ಯಾವ ಗುರುತಿನಿಂದ ಬೇರ್ಪಡಿಸಿದಳು ಎಂಬುದನ್ನು ಬರೆದುಕೊಳ್ಳಬೇಕು. ಹಿಕ್ಕೆಯಂತಹ ಮರಿಹುಳುವಿಗೂ ತೋಟದ ಕಪ್ಪು ಚಿಟ್ಟೆಗೂ ಸಂಬಂಧವನ್ನು ಲಿಂಬೆಯ ರೈತ ಗುರುತಿಸುತ್ತಾನೆಯೇ, ಇಲ್ಲವೇ ಎಂಬುದು ಕೇಳಿ ತಿಳಿಯಬೇಕಾದ ಸಂಗತಿ, ಊಹಿಸುವಂತಹದಲ್ಲ.

ಹಲಸಂಗಿಯ ಗೆಳೆಯರು ಹಾಡನ್ನು ಹಾಡುವವರ ಬಾಯಿಂದಲೇ ಬರೆದುಕೊಂಡರು. ಅವರ ಕಾಲಕ್ಕೆ ಬೀಸುವ ಕಲ್ಲು ಎಲ್ಲ ಮನೆಗಳಲ್ಲಿತ್ತು. ಮುಂದೆ ಅದು ಮೂಲೆ ಸೇರಿದಾಗ ಉಳಿದುದು ಅವರು ಬರೆದುಕೊಂಡಷ್ಟೇ. ಎಕ್ಕೆ, ಗೋಣಿಸೊಪ್ಪು, ಎರೆಭೂಮಿಯ ಬಳ್ಳಿಗಳು ಇಂದಿಗೂ ಬದುವಿನ ಮೇಲಿವೆ, ಅವನ್ನು ಬಲ್ಲವರೂ ಇದ್ದಾರೆ. ಮುಂದಿನ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ನಾಲ್ಕನೆಯ ಅಂಕಣವೊಂದನ್ನು ಗೆರೆ ಎಳೆದು ಸೇರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.