ಡಬ್ಲ್ಯುಡಿಎಂ-2: ಮಾದರಿ ಎಷ್ಟು ಯಥಾವತ್ತು?

ನಮ್ಮ ಭೌತವಿಜ್ಞಾನ ವಿಭಾಗದ ಗಾಜಿನ ಕಪಾಟಿಗೆ ಡಬ್ಲ್ಯುಡಿಎಂ-2 ಡೀಸೆಲ್ ಲೋಕೋಮೋಟಿವಿನ ಮಾದರಿಯೊಂದು ಬಂದಿದೆ. ಪೆಟ್ಟಿಗೆಯ ಮೇಲೆ ‘1:87 ಪ್ರಮಾಣದ ಯಥಾವತ್ ಪ್ರತಿಕೃತಿ’ ಎಂಬ ಅರ್ಥದ ಮಾತು ಅಚ್ಚಾಗಿದೆ. ವರ್ನಿಯರ್ ಕ್ಯಾಲಿಪರ್ ಅಭ್ಯಾಸಕ್ಕೆ ಒಳ್ಳೆಯ ವಸ್ತು ಸಿಕ್ಕಿತೆಂದು ಮೊದಲ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಅಳೆಯಲು ಕೊಟ್ಟೆ. ಉದ್ದ 197 ಮಿ.ಮೀ. ಬಂತು. ಅದನ್ನು 87ರಿಂದ ಗುಣಿಸಿದರೆ 17.1 ಮೀಟರ್; ನಿಜವಾದ ಲೋಕೋದ ಉದ್ದವೂ ಅಷ್ಟೇ. ಜೊತೆಗೆ ಬಂದಿದ್ದ ಹಳಿಯ ತುಂಡಿನಲ್ಲಿ ಹಳಿಗಳ ನಡುವಣ ಅಂತರ 16.5 ಮಿ.ಮೀ. ಒಬ್ಬ ಹುಡುಗ ಲೆಕ್ಕ ಮಾಡಿ 1,435 ಮಿ.ಮೀ. ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ 1,676 ಎಂದು ತಿದ್ದಿದ್ದ. ಏಕೆಂದು ಕೇಳಿದೆ. ‘ನಮ್ಮ ಬ್ರಾಡ್‌ಗೇಜ್ 1,676 ಅಲ್ವಾ ಸರ್, ನಾನೇ ಎಲ್ಲೋ ತಪ್ಪಿದ್ದೀನಿ ಅನ್ನಿಸ್ತು’ ಎಂದ.

ಅವನ ಅಳತೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಪೆಟ್ಟಿಗೆಯ ಮೇಲಿನ ಮಾತಿನಲ್ಲಿ. ಈ ವಿಮರ್ಶೆಗೆ ಅದೇ ಕಾರಣ.

ಎಚ್‌ಓ ಎಂದು ಕರೆಯುವ ಈ ಪ್ರಮಾಣದ ಹಳಿ ಅಮೆರಿಕ ಹಾಗೂ ಯೂರೋಪಿನಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ 1,435 ಮಿ.ಮೀ. ಗೇಜಿಗೆ ಹೊಂದುವಂಥದು. ಅಂಗಡಿಯಲ್ಲಿ ಸಿಗುವುದೂ ಅದೇ. ಆದ್ದರಿಂದ ತಯಾರಕರು ನಮ್ಮ ಲೋಕೋದ ಒಡಲನ್ನು ಅವರ ಹಳಿಯ ಮೇಲೆ ಕೂರಿಸಿದ್ದಾರೆ. ಪ್ರಮಾಣಕ್ಕೆ ತಕ್ಕಂತಿದ್ದರೆ ಅಂತರ 19.3 ಮಿ.ಮೀ. ಇರಬೇಕಿತ್ತು. ಮೂರು ಮಿ.ಮೀ.ಗೂ ಕಡಿಮೆ ವ್ಯತ್ಯಾಸ, ದೊಡ್ಡದೇನು ಎನ್ನಬಹುದು. ನಿಜವಾದ ಲೋಕೋದಲ್ಲಿ ಅದು ಎರಡೂ ಬದಿಯ ಚಕ್ರಗಳನ್ನು ತಲಾ 12 ಸೆಂ.ಮೀ. ಒಳಕ್ಕೆ ಎಳೆದಂತೆ. ಇನ್ನೊಂದು ತಮಾಷೆ ನೋಡಿ: ‘ಡಬ್ಲ್ಯುಡಿಎಂ’ ಎಂಬುದರಲ್ಲಿ ಡಿ ಎಂದರೆ ಡೀಸೆಲ್, ಎಂ ಎಂದರೆ ಸರಕು, ಪ್ರಯಾಣಿಕ ಗಾಡಿಗಳೆರಡನ್ನೂ ಎಳೆಯುವಂಥದು, ಮೊದಲ ಅಕ್ಷರ ಡಬ್ಲ್ಯು ಎಂದರೆ ಬ್ರಾಡ್‌ಗೇಜ್. ಮಾದರಿ ಕಳೆದುಕೊಂಡಿರುವುದು ಆ ಅಕ್ಷರವನ್ನೇ!

ಮೆಚ್ಚಬೇಕಾದುದೂ ಇದೆ. ಲೋಕೋದ ಎರಡು ಬೋಗಿಗಳಲ್ಲಿ ತಲಾ ಮೂರು ಅಚ್ಚುಗಳಿವೆ (ಬೋಗಿ ಎಂದರೆ ಇಲ್ಲಿ ಡಬ್ಬಿಯಲ್ಲ, ಚಕ್ರಗಳನ್ನು ಹೊತ್ತ ಚೌಕಟ್ಟು). ಈ ಅಚ್ಚುಗಳ ನಡುವಣ ಅಂತರಗಳು ಸಮನಾಗಿಲ್ಲ. ಅಗ್ಗದ ಆಟಿಕೆಗಳಲ್ಲಿ ಚಕ್ರಗಳನ್ನು ಸಮದೂರದಲ್ಲಿ ಜೋಡಿಸಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿಲ್ಲ.

ಆದರೆ ಜೊತೆಗಿರುವ ಕರಪತ್ರ ‘ಪ್ರಸಿದ್ಧ ಅಮೆರಿಕನ್ ಲೋಕೋಮೋಟಿವ್’ ಎಂದಷ್ಟೇ ಹೇಳಿ ಮುಗಿಸುತ್ತದೆ. ಇದು ಅರ್ಧ ಸತ್ಯ. ವಿನ್ಯಾಸ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಆಲ್ಕೋ ಕಂಪನಿಯದು, ನಿಜ. 1962ರಲ್ಲಿ ಮೊದಲ ಲೋಕೋಗಳು ಅಲ್ಲಿಂದಲೇ ಬಂದವು. ಆದರೆ ತಂತ್ರಜ್ಞಾನ ವರ್ಗಾವಣೆಯ ಒಪ್ಪಂದದಂತೆ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ (2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್) ತನ್ನ ಮೊದಲ ಲೋಕೋವನ್ನು 1964ರ ಜನವರಿ 3ರಂದು ಹೊರತಂದಿತು. 1969ರಲ್ಲಿ ಆಲ್ಕೋ ಲೋಕೋ ತಯಾರಿಕೆಯನ್ನೇ ನಿಲ್ಲಿಸಿತು. ವಾರಾಣಸಿಯಲ್ಲಿ ಕೆಲಸ ನಿಲ್ಲಲಿಲ್ಲ. ಎರಡೂವರೆ ಸಾವಿರಕ್ಕೂ ಹೆಚ್ಚು ಡಬ್ಲ್ಯುಡಿಎಂ-2ಗಳು ತಯಾರಾದವು, ಅದೇ ವಿನ್ಯಾಸ ಮುಂದೆ 3,100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆಗಿ ಬೆಳೆಯಿತು. ಕೃಷ್ಣರಾಜಪುರದ ಡೀಸೆಲ್ ಶೆಡ್ಡಿನ ಬಳಿ ಓಡಾಡಿದವರಿಗೆ ಅದರ ಗುಡುಗುಡು ಸದ್ದಿನ ನೆನಪಿರಬೇಕು.

ಮಾದರಿಯೊಳಗೆ ಇರುವುದು ಬರೀ ವಿದ್ಯುತ್ ಮೋಟಾರು, ಡೀಸೆಲ್ ಎಲ್ಲಿದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಿಜವಾದ ಲೋಕೋದಲ್ಲೂ 16 ಸಿಲಿಂಡರುಗಳ, 2,600 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಚಕ್ರಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ಜನರೇಟರನ್ನು ತಿರುಗಿಸುತ್ತದೆ. ಆ ವಿದ್ಯುತ್ತಿನಿಂದ ಆರು ಮೋಟಾರುಗಳು ಆರು ಅಚ್ಚುಗಳನ್ನು ತಿರುಗಿಸುತ್ತವೆ. ಕೊನೆಯ ಹಂತದ ಮಟ್ಟಿಗೆ ಮಾದರಿ ಪ್ರಾಮಾಣಿಕವಾಗಿಯೇ ಇದೆ. ಕರಪತ್ರ ಇದನ್ನಾದರೂ ಹೇಳಬಹುದಿತ್ತು.

ಇನ್ನು ತೂಕ. ಲೋಕೋದ ತೂಕ 112.8 ಟನ್. ಉದ್ದ 87ರಲ್ಲಿ ಒಂದು ಪಾಲಾದರೆ ಗಾತ್ರ 87ರ ಘನದಲ್ಲಿ ಒಂದು ಪಾಲು. ತೂಕ ಸುಮಾರು 171 ಗ್ರಾಂ ಇರಬೇಕು. ನಮ್ಮ ತಕ್ಕಡಿ ತೋರಿಸಿದ್ದು 330 ಗ್ರಾಂ. ಒಳಗೆ ಲೋಹದ ತುಂಡು ಇಟ್ಟಿದ್ದಾರೆ. ಇದನ್ನು ನಾನು ದೋಷವೆನ್ನುವುದಿಲ್ಲ. ಅಷ್ಟು ಭಾರವಿಲ್ಲದಿದ್ದರೆ ಚಕ್ರ ಜಾರುತ್ತದೆ, ಹಳಿಯಿಂದ ವಿದ್ಯುತ್ತೂ ಸರಿಯಾಗಿ ಸಿಗುವುದಿಲ್ಲ.

ವೇಗದ ವಿಚಾರ ಇನ್ನೂ ಸ್ವಾರಸ್ಯಕರ. ಗಂಟೆಗೆ 120 ಕಿ.ಮೀ. ಎಂಬ ಗರಿಷ್ಠ ವೇಗ ಮಾದರಿಯಲ್ಲಿ ಸೆಕೆಂಡಿಗೆ 38 ಸೆಂ.ಮೀ. ಆಗುತ್ತದೆ. ಬ್ರೇಕ್ ಹಾಕಿದ ಮೇಲೆ ನಿಜವಾದ ಗಾಡಿ 870 ಮೀಟರ್ ಸಾಗಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಪ್ರಮಾಣದಂತೆ ಮಾದರಿ 10 ಮೀಟರ್ ಸಾಗಬೇಕು. ಆದರೆ ಅದೇ ವೇಗಕುಂದಿಕೆಯಲ್ಲಿ ನಿಲ್ಲುವ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಸುಮಾರು 11.5 ಸೆಂ.ಮೀ.ನಲ್ಲೇ ನಿಂತುಬಿಡುತ್ತದೆ. ಆಟಿಕೆ ರೈಲು ಎಷ್ಟೇ ಚೆಂದವಿದ್ದರೂ ನಿಲ್ಲುವಾಗ ಆಟಿಕೆಯಂತೆಯೇ ಕಾಣುವುದು ಇದರಿಂದ. ಗುರುತ್ವವನ್ನು 87ರಿಂದ ಭಾಗಿಸಲು ಯಾವ ತಯಾರಕನಿಗೂ ಸಾಧ್ಯವಿಲ್ಲವಲ್ಲ!

ಬೆಲೆ ಸ್ವಲ್ಪ ಜಾಸ್ತಿಯೇ. ಆದರೂ ಕಾಲೇಜುಗಳು ಕೊಳ್ಳಬಹುದು, ಪೆಟ್ಟಿಗೆಯ ಮಾತನ್ನು ನಂಬದೆ ಅಳೆಯುವುದಾದರೆ. ಹುಡುಗನಿಗೆ ಹೊಡೆದುಹಾಕಿದ 1,435ನ್ನು ಮತ್ತೆ ಬರೆಯಲು ಹೇಳಿದೆ. ಕಪಾಟಿನ ಮೇಲೆ ಈಗ ಅವನೇ ಬರೆದ ಚೀಟಿ ಅಂಟಿಸಿದ್ದೇವೆ: ‘ಉದ್ದ 1:87. ಹಳಿಗಳ ಅಂತರ 1:102.’