ಸುಂಕದವನ ಮುಂದೆ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಕರ ಕೊಡುವವನ ಕಷ್ಟ ಕರ ಎತ್ತುವವನ ಕಿವಿಗೆ ಬೀಳುವುದಿಲ್ಲ ಎಂಬುದು ಜನರ ಅನುಭವ. ಆದರೆ ಈ ಕಿವುಡು ಎಲ್ಲಿಂದ ಬಂತು? ಅವನು ಹುಟ್ಟಿನಿಂದಲೇ ಕಲ್ಲೆದೆಯವನೇ, ಇಲ್ಲ ಕೆಲಸದ ಏರ್ಪಾಡೇ ಅವನನ್ನು ಹಾಗೆ ಮಾಡಿದೆಯೇ? ಕಥೆ ಬರೆಯುವ ನಾವು ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಯೇ ಇಲ್ಲ.

ತಡಸದ ಸುತ್ತಮುತ್ತಲ ಹಳ್ಳಿಗಳಲ್ಲಿ ಸಂತೆಯ ಕರಕ್ಕೆ ಜನ ‘ಜಕಾತಿ’ ಎನ್ನುತ್ತಾರೆ. ಪುರಸಭೆಗಳು ಊರ ಬಾಗಿಲಲ್ಲಿ ಸರಕಿನ ಮೇಲೆ ಎತ್ತುತ್ತಿದ್ದ ಜಕಾತಿ 1979ರಲ್ಲಿ ರಾಜ್ಯದಲ್ಲಿ ರದ್ದಾಯಿತು; ಮಾತು ಮಾತ್ರ ಉಳಿಯಿತು. ಸಂತೆಯ ಕರವನ್ನು ಪಂಚಾಯತಿ ತಾನೇ ಎತ್ತದೆ, ವರ್ಷಕ್ಕೊಮ್ಮೆ ಲಿಲಾವು ಕರೆದು ಹೆಚ್ಚು ಕೂಗಿದವನಿಗೆ ಗುತ್ತಿಗೆ ಕೊಡುವ ರೂಢಿ ರಾಜ್ಯದ ಹಲವೆಡೆ ಇದೆ. ಪಂಚಾಯತಿಗೆ ಹಣ ಖಾತ್ರಿಯಾಗುತ್ತದೆ. ಕೂಗಿದವನು ಮಾತ್ರ ಕೊಟ್ಟ ಹಣವನ್ನೂ ಅದರ ಮೇಲಿನ ಲಾಭವನ್ನೂ ಸೊಪ್ಪಿನ ಬುಟ್ಟಿ, ಬಳೆಯ ಮಲಾರ, ಬಾಗವಾನರ ಹಣ್ಣಿನ ಗಾಡಿಗಳಿಂದಲೇ ಎತ್ತಬೇಕು. ನಿಗದಿಯಾದ ದರವೆಷ್ಟು ಎಂಬುದು ಬುಟ್ಟಿಯವಳಿಗೆ ಗೊತ್ತಿರುವುದಿಲ್ಲ. ಪಾವತಿ ಚೀಟಿ ಕೇಳಿದರೆ ಮುಂದಿನ ವಾರ ಜಾಗ ಸಿಗುವುದೋ ಇಲ್ಲವೋ ಎಂಬ ಅಂಜಿಕೆ. ಚೀಟಿ ಇಲ್ಲದ ಮೇಲೆ ‘ಹೋದ ವಾರದ್ದು ಬಾಕಿ ಐತಿ’ ಎಂದವನಿಗೆ ಅವಳು ಏನನ್ನು ತೋರಿಸಿ ಉತ್ತರ ಹೇಳಬೇಕು?

ಇದೇ ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರು ತಮ್ಮ ತತ್ವಪದವೊಂದರಲ್ಲಿ ಹುಲಗೂರಿನ ಸಂತೆಯನ್ನು ತಂದಿದ್ದಾರೆ. ಅವರಿಗೆ ಸಂತೆಯೆಂದರೆ ಸಂಸಾರದ ಗದ್ದಲ. 12ನೆಯ ಶತಮಾನದ ಸುಂಕದ ಬಂಕಣ್ಣನದು ಸುಂಕ ಎತ್ತುವ ಕಾಯಕವೇ. ಆತ ಕಸುಬಿನ ಮಾತನ್ನು ಅನುಭಾವದ ಮಾತಾಗಿಸಿ ವಚನ ಬರೆದ. ಇಬ್ಬರೂ ದೊಡ್ಡವರು. ಆದರೆ ಇಲ್ಲಿ ಸಂತೆಯೂ ಸುಂಕವೂ ರೂಪಕಗಳಾದವು. ಬುಟ್ಟಿಯವಳ ಚಿಲ್ಲರೆ ಲೆಕ್ಕವನ್ನು ಬರೆಯುವ ಕೆಲಸ ಗದ್ಯದ ಪಾಲಿಗೆ, ಅಂದರೆ ನಮ್ಮ ಪಾಲಿಗೆ ಬಂತು.

ಗದ್ಯ ಏನು ಮಾಡಿತು? ಖಾಸಗಿ ಸಾಲದ ಕ್ರೌರ್ಯವನ್ನು ಚೆನ್ನಾಗಿಯೇ ಕಂಡಿತು. ‘ಚೋಮನ ದುಡಿ’ಯಲ್ಲಿ ತೋಟದ ಸಾಲ ಚೋಮನ ಸಂಸಾರವನ್ನೇ ನುಂಗುತ್ತದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರುಗಳ ರೈತರು ಕರ ನಿರಾಕರಿಸಿ ಹೊಲಮನೆ ಜಪ್ತಿಗೆ ಎದೆಯೊಡ್ಡಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡೆವು. ಕರ ಕೊಡೆನೆಂದವನ ಕಥೆ ನಮಗೆ ಸಿಕ್ಕಿತು. ಕರ ಕೊಟ್ಟೂ ಬಾಕಿದಾರಳೆನಿಸಿಕೊಂಡವಳ ಕಥೆ ಸಿಗಲಿಲ್ಲ.

ಉರ್ದುವಿನಲ್ಲಿ ಪ್ರೇಮಚಂದರ ‘ನಮಕ್ ಕಾ ದಾರೋಗಾ’ ಇದೆ. ಉಪ್ಪಿನ ಕಳ್ಳಸಾಗಣೆ ಹಿಡಿದ ದಾರೋಗಾ ವಂಶೀಧರ ಶ್ರೀಮಂತ ಅಲೋಪಿದೀನನ ಲಂಚಕ್ಕೆ ಮಣಿಯುವುದಿಲ್ಲ. ನೌಕರಿ ಹೋಗುತ್ತದೆ, ಕೊನೆಗೆ ಅದೇ ಅಲೋಪಿದೀನ ಅವನನ್ನು ತನ್ನ ಆಸ್ತಿಯ ಮ್ಯಾನೇಜರನನ್ನಾಗಿ ಮಾಡಿಕೊಳ್ಳುತ್ತಾನೆ. ಪ್ರಾಮಾಣಿಕತೆಗೆ ಸಂಬಳ ಕೊಡುವ ಶಕ್ತಿಯೂ ಕಳ್ಳ ಧನಿಕನಿಗೇ ಉಳಿದ ಈ ಮುಕ್ತಾಯ ನಮಗೆ ಇಂದಿಗೂ ಕಸಿವಿಸಿ ತರುತ್ತದೆ. ಆದರೂ ವಂಶೀಧರ ಸರಕಾರದ ಸಂಬಳದವನು. ಅಡ್ಡದಾರಿ ಹಿಡಿದಿದ್ದರೆ ಅದು ಲಂಚವೆನಿಸುತ್ತಿತ್ತು. ಗುತ್ತಿಗೆದಾರ ಹೆಚ್ಚಿಗೆ ಎತ್ತಿದ ಹಣ ಅವನ ಲಾಭದ ಲೆಕ್ಕದಲ್ಲೇ ಕರಗಿ ಹೋಗುತ್ತದೆ. ದರ ಮೀರುವುದು ಕಾಯ್ದೆಯಲ್ಲಿ ತಪ್ಪೇ. ಚೀಟಿಯಿಲ್ಲದ ಸಂತೆಯಲ್ಲಿ ಅದನ್ನು ರುಜುವಾತು ಮಾಡುವವರು ಯಾರು? ಗಾದೆಯ ಕಿವುಡಿನ ಮೂಲ ನಮಗೆ ಕಾಣುವುದು ಇಲ್ಲಿ. ಕೇಳಿಸಿಕೊಂಡರೆ ಅವನಿಗೆ ನಷ್ಟ.

ಇದನ್ನು ಹಿಂದೆಯೇ ಕಂಡವರಿದ್ದಾರೆ. 8ನೆಯ ಶತಮಾನದಲ್ಲಿ ಇಮಾಮ್ ಅಬೂ ಯೂಸುಫರು ಖಲೀಫ ಹಾರೂನ್ ರಶೀದರಿಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಕಂದಾಯವನ್ನು ಗುತ್ತಿಗೆಗೆ ಕೊಡಬಾರದೆಂದು ವಾದಿಸಿದರು. ಗುತ್ತಿಗೆ ಹಿಡಿದವನು ತನ್ನ ಲಾಭಕ್ಕಾಗಿ ಪ್ರಜೆಗಳನ್ನು ಹಿಂಡುತ್ತಾನೆ ಎಂಬುದೇ ಅವರ ಕಾರಣ. ಕುರ್‌ಆನ್ (9:60) ಝಕಾತ್ ಎತ್ತುವವರಿಗೂ ಆ ನಿಧಿಯಲ್ಲಿ ಪಾಲಿಟ್ಟಿದೆ. ಮುಆದ್(ರ)ರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ಜನರ ಉತ್ತಮ ಸೊತ್ತನ್ನೇ ಆರಿಸಿ ಎತ್ತಬೇಡಿರೆಂದೂ ಮರ್ದಿತನ ಮೊರೆಗೆ ಅಂಜಿರೆಂದೂ ಎಚ್ಚರಿಸಿದರು. ವಸೂಲಿಗೆ ಹೋಗಿ ಬಂದವನೊಬ್ಬ ಇಷ್ಟು ನಿಮಗೆ, ಇಷ್ಟು ನನಗೆ ಬಂದ ಉಡುಗೊರೆ ಎಂದಾಗ, ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಇದು ಸಿಗುತ್ತಿತ್ತೇ ಎಂದು ಕೇಳಿದರು. ಆ ಝಕಾತ್ ಎಂಬ ಪದವೇ ಭಾಷೆಯಿಂದ ಭಾಷೆಗೆ ದಾಟಿ ನಮ್ಮ ಸಂತೆಯಲ್ಲಿ ಜಕಾತಿಯಾಯಿತು. ಎತ್ತುವವನಿಗಿದ್ದ ಅಂಜಿಕೆ ಈಗ ಕೊಡುವವಳ ಪಾಲಿಗೆ ಬಂದಿದೆ.

ಪಂಚಾಯತಿಯತ್ತ ಮಾತ್ರ ಬೆರಳು ತೋರಿಸಿದರೆ ಮಾತು ಅರ್ಧವಾಗುತ್ತದೆ. ರಮಝಾನ್ ಬಂತೆಂದರೆ ಕಮಿಷನ್ ಮೇಲೆ ಚಂದಾ ಎತ್ತುವವರು ರಸೀದಿ ಪುಸ್ತಕ ಹಿಡಿದು ನಮ್ಮ ಮಸೀದಿಗಳ ಬಾಗಿಲಿಗೂ ಬರುತ್ತಾರೆ. ಅನೇಕ ಉಲಮಾಗಳು ಈ ಕಮಿಷನ್ನನ್ನು ಒಪ್ಪಿಲ್ಲ, ಆದರೂ ನಡೆದೇ ಇದೆ. ಧರ್ಮದ ಹಣಕ್ಕೂ ಸರಕಾರದ ಹಣಕ್ಕೂ ಈ ಮಟ್ಟಿಗೆ ಒಂದೇ ನ್ಯಾಯ: ಎತ್ತುವವನಿಗೆ ಗೊತ್ತಾದ ಕೂಲಿ ಇರಲಿ, ಎತ್ತಿದ್ದರಲ್ಲಿ ಪಾಲು ಬೇಡ.

ಸಂತೆಯ ಬಾಗಿಲಲ್ಲಿ ದರದ ಹಲಗೆ, ನಂಬರು ಹಾಕಿದ ಪಾವತಿ ಚೀಟಿ, ತಕರಾರು ಕೇಳಲು ಪಂಚಾಯತಿಯ ಒಬ್ಬ ಮನುಷ್ಯ: ಇಷ್ಟು ಕೇಳಲು ಚಳವಳಿಯೇ ಬೇಕೆಂದಿಲ್ಲ, ಗ್ರಾಮಸಭೆ ಸಾಕು. ಕಥೆಗಾರರ ಕೆಲಸ ಬೇರೆ. ಖಳನಾಯಕನನ್ನು ಕೆತ್ತಿಟ್ಟರೆ ಅದು ಮುಗಿಯದು. ದಿನಗೂಲಿಗೆ ಚೀಟಿ ಹರಿಯುವ ಹುಡುಗನಿಗೂ ಮನೆಯಿದೆ, ಸಂಜೆ ಅವನೂ ಧಣಿಗೆ ಲೆಕ್ಕ ಒಪ್ಪಿಸಬೇಕು. ಅವನ ಸುಖದುಃಖವನ್ನೂ ಬುಟ್ಟಿಯವಳ ಸುಖದುಃಖವನ್ನೂ ಒಂದೇ ಕಥೆಯಲ್ಲಿ ಕೇಳಿಸಿಕೊಂಡವರು ಆ ಹಳೆಯ ಗಾದೆಗೆ ಉತ್ತರ ಕೊಟ್ಟಂತೆ.